ಪಾತ್ರೆ ಸುಮ್ಮನಾಗುವವರೆಗೆ

ಕೋಳಿ ಗಸಿಯ, ಅಂದರೆ ತೆಂಗಿನಕಾಯಿ ಮಸಾಲೆಯ ಸಾರಿನ, ಮಣ್ಣಿನ ಪಾತ್ರೆಯನ್ನು ಅಜ್ಜಿ ಒಲೆಯಿಂದ ಇಳಿಸಿ ಸಿಂಬೆಯ ಮೇಲೆ ಇಟ್ಟರೆ, ಅದು ಅಲ್ಲಿಯೂ ಕುದಿಯುತ್ತಲೇ ಇರುತ್ತಿತ್ತು. ಕೆಳಗೆ ಬೆಂಕಿಯಿಲ್ಲ, ಕೆಂಡವಿಲ್ಲ, ಸಾರಿಸಿದ ತಣ್ಣನೆಯ ನೆಲ. ಆದರೂ ಗಸಿಯ ನಡುವಿನಿಂದ ಒಂದೊಂದೇ ಗುಳ್ಳೆ ಎದ್ದು, ಕೆಂಪಗೆ ಉಬ್ಬಿ, ಪುಳಕ್ಕನೆ ಒಡೆಯುತ್ತಿತ್ತು. ನಾವು ಮೊಮ್ಮಕ್ಕಳು ಬಟ್ಟಲಲ್ಲಿ ಗರಿಗರಿ ಅಕ್ಕಿ ರೊಟ್ಟಿ ಮುರಿದು ಹಾಕಿಕೊಂಡು ಸುತ್ತ ಕೂತಿರುತ್ತಿದ್ದೆವು. ಬೆಂದಾಯಿತಲ್ಲ, ಇನ್ನೆಂತ ಕಾಯುವುದು ಎಂದು ಕೇಳಿದರೆ ಅಜ್ಜಿ ತುಳುವಿನಲ್ಲಿ ಹೇಳುತ್ತಿದ್ದ ಮಾತು ಕನ್ನಡದಲ್ಲಿ ಹೆಚ್ಚುಕಡಿಮೆ ಹೀಗಾಗುತ್ತದೆ: "ಪಾತ್ರೆ ಇನ್ನೂ ಮಾತಾಡ್ತಾ ಉಂಟು. ಅದು ಸುಮ್ಮನಾಗಲಿ, ಮತ್ತೆ ಬಡಿಸುವ."

ಕಾಪು ಹತ್ತಿರದ ಆ ಮನೆ ಈಗಲೂ ಇದೆ. ಒಲೆಯ ಜಾಗದಲ್ಲಿ ಗ್ಯಾಸ್ ಬಂದಿದೆ. ನಾನು ಮಂಗಳೂರಿಗೆ ಬಂದು ಮೂವತ್ತು ವರ್ಷ ದಾಟಿತು. ಆದಿತ್ಯವಾರ ಅಡುಗೆ ನನ್ನದೇ. ಇಷ್ಟು ವರ್ಷ ಮಾಂಸ ಬೇಯಿಸಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸುವ ಸಂಗತಿ ಒಂದೇ. ಒಲೆ ಆರಿಸಿದ ಕೂಡಲೇ ಅಡುಗೆ ಮುಗಿಯುವುದಿಲ್ಲ. ಆಮೇಲಿನ ಹೊತ್ತು ಕೂಡ ಅಡುಗೆಯೇ. ಮಸಾಲೆ ಹುರಿಯುವಾಗ ಎಷ್ಟು ಗಮನ ಬೇಕೋ ಅದಕ್ಕೂ ಅಷ್ಟೇ ಬೇಕು. ಎಷ್ಟೋ ಮನೆಗಳಲ್ಲಿ ಮಸಾಲೆಗೆ ಅರ್ಧ ದಿನ ಕೊಟ್ಟವರು ಕೊನೆಯ ಹತ್ತು ನಿಮಿಷಕ್ಕೆ ಅವಸರ ಮಾಡುತ್ತಾರೆ. ನೋಡುವಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ನಾನೂ ಅದನ್ನು ಮಾಡಿದ್ದೇನೆ. ಮನೆಗೆ ಓವನ್ ಬಂದ ಹೊಸದರಲ್ಲಿ ಒಂದು ಇಡೀ ಕೋಳಿಗೆ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಲಿಂಬೆ ಹುಳಿ, ತುಪ್ಪ ಸವರಿ, ರಾತ್ರಿಯಿಡೀ ಇಟ್ಟು, ಮರುದಿನ ಮಧ್ಯಾಹ್ನ ಹುರಿದೆ. ಮನೆ ತುಂಬ ನೆಂಟರು. ಹೊರಗೆ ತೆಗೆದಾಗ ಚರ್ಮ ಹೊಳೆಯುತ್ತಿತ್ತು, ಎಲ್ಲರೂ ಎದ್ದು ಬಂದು ನೋಡಿದರು. ಆ ಸಂಭ್ರಮದಲ್ಲಿ ಅಲ್ಲೇ ಹಲಗೆಯ ಮೇಲಿಟ್ಟು ಕತ್ತಿ ಹಾಕಿದೆ. ಹಾಕಿದ್ದೇ ತಡ, ನೀರು ಹರಿಯಿತು. ಹಲಗೆ ದಾಟಿ, ಮೇಜಿನ ಬಟ್ಟೆಗೆ ಇಳಿದು, ಅಂಚಿನಿಂದ ತೊಟ್ಟಿಕ್ಕಿತು. ತಟ್ಟೆಗೆ ಹೋದ ಎದೆಯ ಮಾಂಸ ತೆಂಗಿನ ನಾರಿನ ಹಾಗಿತ್ತು. ಉಪ್ಪು, ಖಾರ, ತುಪ್ಪ ಒಂದಕ್ಕೂ ಕೊರತೆಯಿರಲಿಲ್ಲ. ರುಚಿಯಾಗಬೇಕಾದದ್ದು ಮೇಜಿನ ಬಟ್ಟೆಯಲ್ಲಿತ್ತು.

ಅಂದಿನಿಂದ ಈ ವಿಷಯದ ಬೆನ್ನು ಹಿಡಿದೆ. ಕೊಬ್ಬಿಲ್ಲದ ಹಸಿ ಮಾಂಸದಲ್ಲಿ ನೂರಕ್ಕೆ ಸುಮಾರು 75 ಪಾಲು ನೀರೇ. ಆ ನೀರು ಕೊಡದಲ್ಲಿ ತುಂಬಿಟ್ಟ ಹಾಗಿರುವುದಿಲ್ಲ. ಕೂದಲಿಗಿಂತ ತೆಳುವಾದ ಎಳೆಗಳ ಕಟ್ಟುಗಳ ಒಳಗೆ ಸಿಕ್ಕಿಕೊಂಡಿರುತ್ತದೆ. ಬಿಸಿ 50 ಡಿಗ್ರಿ ಸೆಲ್ಸಿಯಸ್ ದಾಟುವಾಗ ಎಳೆಗಳೊಳಗಿನ ಮಯೋಸಿನ್ ಎಂಬ ಪ್ರೋಟೀನು ಗಟ್ಟಿಯಾಗುತ್ತಾ ಹೋಗುತ್ತದೆ. 60 ದಾಟಿದರೆ ಎಳೆಗಳನ್ನು ಸುತ್ತಿರುವ ಕೊಲಾಜೆನ್ ಪೊರೆ ಸೆಟೆದುಕೊಂಡು, ಒದ್ದೆ ಪಂಚೆ ಹಿಂಡಿದ ಹಾಗೆ ಒಳಗಿನ ನೀರನ್ನು ಹಿಂಡುತ್ತದೆ. ಆ ಹೊತ್ತಿನಲ್ಲಿ ಕೊಯ್ದರೆ ನೀರಿಗೆ ದಾರಿ ಸಿಕ್ಕಿತು ಅಷ್ಟೇ. ಬಿಸಿಯಿರುವಾಗ ಅದು ತೆಳ್ಳಗಿರುತ್ತದೆ, ಓಡುತ್ತದೆ. ಸ್ವಲ್ಪ ಆರಿದರೆ ಅದರಲ್ಲಿ ಕರಗಿರುವ ಪ್ರೋಟೀನು, ಕೊಲಾಜೆನ್ ಕರಗಿ ಆದ ಅಂಟಿನಂಥ ಜೆಲಟಿನ್‌ಗಳಿಂದ ರಸಕ್ಕೆ ಒಂದು ಮಂದ ಬರುತ್ತದೆ. ಗಂಜಿ ತಿಳಿ ಆರುತ್ತಾ ದಪ್ಪಗಾಗುವುದನ್ನು ನೋಡಿದ್ದೀರಲ್ಲ, ಕಣ್ಣಿಗೆ ಹಾಗೆಯೇ. ಎಳೆಗಳೂ ಬಿಗಿ ಸಡಿಲಿಸಿ ನೀರನ್ನು ಇನ್ನಷ್ಟು ಹಿಡಿದುಕೊಳ್ಳುತ್ತವೆ. ಆಮೇಲೆ ಕೊಯ್ದರೆ ರಸ ತುಂಡಿನಲ್ಲೇ ನಿಲ್ಲುತ್ತದೆ.

ಬಿಸಿಗೆ ರಸವೆಲ್ಲ ನಡುವಿಗೆ ಓಡಿಹೋಗುತ್ತದೆ, ಆಮೇಲೆ ವಾಪಸು ಬರುತ್ತದೆ ಎಂದು ಅಡುಗೆ ಕಾರ್ಯಕ್ರಮಗಳಲ್ಲಿ ಹೇಳುವುದುಂಟು. ಕೇಳಲು ಚಂದ, ಆದರೆ ಮಾಂಸ ಹಾಗೆ ನಡೆಯುವುದಿಲ್ಲ. ಇದೇ ಜಾತಿಯ ಇನ್ನೊಂದು ನಂಬಿಕೆ ಇನ್ನೂ ಹಳೆಯದು. 1847ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್, ಮೊದಲು ಜೋರು ಬಿಸಿ ತಾಗಿಸಿದರೆ ಮಾಂಸದ ಹೊರಗೊಂದು ಪದರ ಕಟ್ಟಿ ರಸ ಒಳಗೇ ಉಳಿಯುತ್ತದೆ ಎಂದು ಬರೆದ. ತೂಕ ಹಾಕಿ ನೋಡಿದವರಿಗೆ ಅದು ನಿಲ್ಲದ ಮಾತೆಂದು ಆಮೇಲೆ ಗೊತ್ತಾಯಿತು. ಕೆಂಪಗೆ ಹುರಿದರೆ ಪರಿಮಳ ಬರುತ್ತದೆ, ರುಚಿ ಬರುತ್ತದೆ, ಬೀಗ ಮಾತ್ರ ಬೀಳುವುದಿಲ್ಲ. ಆದರೂ ಇಂದಿಗೂ ಆ ಮಾತು ಮನೆಮನೆಯಲ್ಲಿ ಓಡಾಡಿಕೊಂಡಿದೆ.

ನಂಬುವ ಮೊದಲು ಕಣ್ಣಾರೆ ನೋಡಬೇಕು ಅನ್ನಿಸಿ ಒಂದು ದಿನ ಕಂಕನಾಡಿ ಮಾರ್ಕೆಟಿನಿಂದ ಒಂದೇ ದಪ್ಪದ ಎರಡು ಹಂದಿ ಮಾಂಸದ ತುಂಡು ತಂದೆ. ಒಂದೇ ಕಾವಲಿಯಲ್ಲಿ ಒಟ್ಟಿಗೆ ಬೇಯಿಸಿದೆ. ಎರಡು ಬಿಳಿ ತಟ್ಟೆ. ಒಂದನ್ನು ಇಳಿಸಿದ ಕೂಡಲೇ ಕೊಯ್ದೆ, ತಿಳಿ ಗುಲಾಬಿ ನೀರು ತಟ್ಟೆಯ ಅಂಚಿನವರೆಗೆ ಹಬ್ಬಿತು. ಇನ್ನೊಂದನ್ನು ಎಂಟು ನಿಮಿಷ ಬಿಟ್ಟು ಕೊಯ್ದೆ. ಕತ್ತಿಯ ಅಲಗು ಹೊಳೆಯುವಷ್ಟು ಒದ್ದೆಯಾಯಿತು, ತಟ್ಟೆಯಲ್ಲಿ ನಾಲ್ಕಾರು ಹನಿ. ಆ ಹನಿಗಳು ಓಡಲಿಲ್ಲ, ಬಿದ್ದಲ್ಲೇ ಗುಂಡಗೆ ಕೂತವು. ಮಗಳನ್ನು ಕರೆದು ತೋರಿಸಿದೆ. ಅವಳು ಬೆರಳಲ್ಲಿ ಒಂದು ಹನಿ ಮುಟ್ಟಿ, "ಅಂಟುತ್ತದೆ ಅಪ್ಪ" ಅಂದಳು.

ಹೀಗೆ ಬಿಡುವಾಗ ಇನ್ನೊಂದು ನಡೆಯುತ್ತಿರುತ್ತದೆ. ದೊಡ್ಡ ತುಂಡಿನ ಹೊರಮೈ ಒಳಗಿಗಿಂತ ಎಷ್ಟೋ ಬಿಸಿ. ಬೆಂಕಿಯಿಂದ ತೆಗೆದರೂ ಆ ಬಿಸಿ ಒಳಕ್ಕೆ ಇಳಿಯುತ್ತಲೇ ಇರುತ್ತದೆ. ಒಂದು ಕುರಿಯ ತೊಡೆಯೋ ಇಡೀ ಕೋಳಿಯೋ ಆದರೆ ನಡುವಿನ ಬಿಸಿ ಇನ್ನೂ ನಾಲ್ಕೈದು ಡಿಗ್ರಿ ಏರುತ್ತದೆ. ಪೂರ್ತಿ ಬೆಂದ ಮೇಲೆಯೇ ಇಳಿಸುತ್ತೇನೆಂದರೆ ತಿನ್ನುವ ಹೊತ್ತಿಗೆ ಅದು ಮಿತಿಮೀರಿ ಬೆಂದಿರುತ್ತದೆ. ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಹಂದಿ ಮಾಂಸದ ಇಡೀ ತುಂಡುಗಳಿಗೆ 71 ಡಿಗ್ರಿ ಆಗಬೇಕೆಂಬ ತನ್ನ ಸಲಹೆಯನ್ನು 63ಕ್ಕೆ ಇಳಿಸಿತು. ಜೊತೆಗೆ ಮೂರು ನಿಮಿಷ ಬಿಟ್ಟೇ ಕೊಯ್ಯಬೇಕು ಎಂದು ಸೇರಿಸಿತು. ರೋಗಾಣುಗಳು ಆ ಮೂರು ನಿಮಿಷವೂ ಸಾಯುತ್ತಿರುತ್ತವೆ. ಕಾಯುವುದನ್ನು ಬೇಯಿಸುವುದರ ಲೆಕ್ಕಕ್ಕೇ ಸೇರಿಸಿದ್ದು ಓದಿ ನನಗೆ ಅಜ್ಜಿಯ ನೆನಪಾಯಿತು. ಕೋಳಿಗೆ ಮಾತ್ರ ಈ ರಿಯಾಯಿತಿ ಇಲ್ಲ, ಅದರ ನಡುವಿನ ಬಿಸಿ 74 ಡಿಗ್ರಿ ಮುಟ್ಟಲೇಬೇಕು.

ಆದರೆ ನಮ್ಮ ಕರಾವಳಿಯಲ್ಲಿ ಇಡೀ ಕೋಳಿ, ಇಡೀ ತೊಡೆ ಬೇಯಿಸುವವರು ಎಷ್ಟು ಜನ? ನಮ್ಮದು ತುಂಡು ಮಾಡಿದ ಮಾಂಸ, ಎಲುಬು ಸಮೇತ, ತೆಂಗಿನಕಾಯಿ ಮಸಾಲೆಯಲ್ಲಿ. ಅಲ್ಲಿ ಕಾಯುವುದರ ಅರ್ಥವೇ ಬೇರೆ.

ಗೀ ರೋಸ್ಟ್‌ಗೆ ಹೆಚ್ಚು ಹೊತ್ತು ಬೇಡ. ಕುಂದಾಪುರದ ಆ ಪದಾರ್ಥದ ಜೀವ ಇರುವುದು ತುಪ್ಪದಲ್ಲಿ ಹುರಿದ ಮೆಣಸಿನ ಮಸಾಲೆ ತುಂಡಿಗೆ ಅಂಟಿ ನಿಲ್ಲುವುದರಲ್ಲಿ. ಇಳಿಸಿ ಐದು ನಿಮಿಷ ಬಿಟ್ಟರೆ ತುಪ್ಪ ತಿಳಿಯಾಗಿ ಬದಿಗೆ ಸರಿಯುತ್ತದೆ, ಮಸಾಲೆ ತುಂಡನ್ನು ಹಿಡಿದುಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟರೆ ತುಪ್ಪ ನಾಲಗೆಗೆ ಹತ್ತುತ್ತದೆ. ಸುಕ್ಕಕ್ಕೂ ಹತ್ತು ನಿಮಿಷ ಸಾಕು, ಹುರಿದ ಕಾಯಿತುರಿ ಉಳಿದ ರಸವನ್ನು ಹೀರಿಕೊಳ್ಳುವಷ್ಟು. ಬ್ಯಾರಿಗಳ ಬಿರಿಯಾನಿಯ ದಮ್ ತೆಗೆಯುವ ಮೊದಲಿನ ಹೊತ್ತಿನ ಬಗ್ಗೆ ನಾನು ಬರೆಯಹೊರಟರೆ ಅದು ಬೇರೆಯೇ ಬರಹವಾಗುತ್ತದೆ.

ಗಸಿಗೆ ಬೇಕು ಹೊತ್ತು. ಮಣ್ಣಿನ ಪಾತ್ರೆಯ ಗೋಡೆ ದಪ್ಪ, ಬಿಸಿಯನ್ನು ಬೇಗ ತಗೊಳ್ಳುವುದಿಲ್ಲ, ತಗೊಂಡದ್ದನ್ನು ಬೇಗ ಬಿಡುವುದೂ ಇಲ್ಲ. ಹಾಗಾಗಿಯೇ ಒಲೆಯಿಂದ ಇಳಿಸಿದರೂ ಅದು ಕುದಿಯುತ್ತಿರುತ್ತದೆ. ಆಮೇಲೆ ಕುದಿ ನಿಂತು, ಮೇಲೆ ಎಣ್ಣೆಯ ಕೆಂಪು ತೆಳು ಪದರ ಬಿಟ್ಟುಕೊಳ್ಳುತ್ತದೆ. ಕುದಿಯುವಾಗ ತುಂಡುಗಳು ನೀರು ಬಿಟ್ಟುಕೊಡುತ್ತವೆ. ಕುದಿ ನಿಂತು ಆರುವಾಗ ಸುತ್ತಲಿನ ರಸದಿಂದ ಒಂದಿಷ್ಟನ್ನು ವಾಪಸು ಹೀರುತ್ತವೆ. ಉಪ್ಪು, ಹುಳಿ ನಿಧಾನಕ್ಕೆ ಎಳೆಗಳ ನಡುವೆ ಇಳಿಯುತ್ತವೆ. ಮೆಣಸು, ಕೊತ್ತಂಬರಿಯ ಪರಿಮಳ ಅಷ್ಟು ಆಳಕ್ಕೆ ಹೋಗುವುದಿಲ್ಲ, ಕೊಬ್ಬಿನಲ್ಲೂ ತುಂಡಿನ ಹೊರಮೈಯಲ್ಲೂ ಕೂರುತ್ತದೆ. ನಾವು "ಉಪ್ಪುಹುಳಿ ಹಿಡಿದಿದೆ" ಎನ್ನುತ್ತೇವಲ್ಲ, ಎಷ್ಟು ಸರಿಯಾದ ಮಾತು! ಮೆಣಸು ಹಿಡಿದಿದೆ ಎಂದು ಯಾರೂ ಹೇಳುವುದಿಲ್ಲ.

ಊರ ಕೋಳಿಯಾದರೆ ಗಸಿಯನ್ನು ಒಂದು ಗಂಟೆ ಬಿಡುತ್ತೇನೆ. ಓಡಾಡಿ ಬೆಳೆದ ಕೋಳಿಯಲ್ಲಿ ಕೊಲಾಜೆನ್ ಗಟ್ಟಿ. ಅದು ನಿಧಾನ ಉರಿಯಲ್ಲಿ ಕರಗಿ ಜೆಲಟಿನ್ ಆಗಿರುತ್ತದೆ, ಆರುವಾಗ ರಸಕ್ಕೆ ತುಟಿಗೆ ಅಂಟುವ ಗುಣ ಬರುತ್ತದೆ. ತಿನ್ನುವ ಮೊದಲು ಒಮ್ಮೆ ಪುನಃ ಬಿಸಿ ಮಾಡಬೇಕು, ರೊಟ್ಟಿಯ ಮೇಲೆ ಹೊಯ್ಯುವ ಗಸಿ ಸುಡುತ್ತಿರಲೇಬೇಕು. ತಣ್ಣನೆಯ ಗಸಿಗೆ ರೊಟ್ಟಿ ಮೆತ್ತಗಾಗದೆ ತೊಗಲಿನ ಹಾಗಾಗುತ್ತದೆ.

ಇನ್ನು ಹಂದಿ. ನನಗೆ ಕಾಯುವುದನ್ನು ಸರಿಯಾಗಿ ಕಲಿಸಿದ್ದು ಅದೇ, ಕಲಿಸಿದವರು ಕುಲಶೇಖರದ ಬಾಯಮ್ಮ.

ಮಂಗಳೂರಿಗೆ ಬಂದ ಮೊದಲ ಆರು ವರ್ಷ ಅವರ ಮನೆಯ ಹಿಂಬದಿಯ ಎರಡು ಕೋಣೆಯಲ್ಲಿ ಬಾಡಿಗೆಗಿದ್ದೆ. ಶನಿವಾರ ಸಂಜೆ ಅವರ ಅಡುಗೆಮನೆಯಿಂದ ಬಾಫಾತ್ ಪುಡಿಯ ವಾಸನೆ ನನ್ನ ಕಿಟಕಿಗೆ ಬರುತ್ತಿತ್ತು. ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಅರಸಿನ. ಅದರ ಹಿಂದೆಯೇ ವಿನೆಗರಿನ ಘಾಟು. ಎಣ್ಣೆ ಒಂದು ಹನಿ ಹಾಕುತ್ತಿರಲಿಲ್ಲ. ಚರ್ಮ, ಕೊಬ್ಬು, ಮಾಂಸ ಮೂರೂ ಇರುವ ತುಂಡುಗಳು ತಮ್ಮದೇ ನೀರಿನಲ್ಲಿ, ತಮ್ಮದೇ ಕೊಬ್ಬಿನಲ್ಲಿ ಬೇಯಬೇಕು. ಬೆಂದು ಒಲೆ ಆರಿದ ಮೇಲೆ ನಾನು ಯಾವುದಾದರೂ ನೆವ ಮಾಡಿಕೊಂಡು ಆ ಕಡೆ ಹೋಗುತ್ತಿದ್ದೆ. ಬಾಯಮ್ಮನಿಗೆ ನೆವ ಗೊತ್ತಾಗುತ್ತಿತ್ತು.

"ಎಂತ ಮಗಾ, ವಾಸನೆ ಬಂತಾ?"

"ಬಂತು ಬಾಯಮ್ಮ."

"ಇವತ್ತು ವಾಸನೆ ಮಾತ್ರ. ಊಟ ನಾಳೆ, ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ. ಇವತ್ತು ಇದರಲ್ಲಿ ಹಂದಿ ಬೇರೆ, ಮಸಾಲೆ ಬೇರೆ ಉಂಟು. ನಾಳೆ ನೋಡು."

ಒಮ್ಮೆ ಹಟ ಮಾಡಿ ಆ ರಾತ್ರಿಯೇ ಒಂದು ತುಂಡು ಕೇಳಿ ತಿಂದೆ. ಅವರು ಹೇಳಿದ್ದೇ ಸರಿಯಿತ್ತು. ವಿನೆಗರು ಮುಂದೆ ನಿಂತು ಮಾತಾಡುತ್ತಿತ್ತು, ಮೆಣಸು ಗಂಟಲಿಗೆ ಹೋಯಿತು, ಮಾಂಸ ತನ್ನ ಪಾಡಿಗೆ ಸಪ್ಪೆಯಾಗಿ ಇತ್ತು.

ಮರುದಿನ ಬೆಳಿಗ್ಗೆ ಫ್ರಿಜ್ಜಿನಿಂದ ತೆಗೆದು ಮುಚ್ಚಳ ಎತ್ತಿದರು. ಮೇಲೆ ಮೇಣದ ಹಾಗೆ ಬಿಳಿ ಕೊಬ್ಬಿನ ಪದರ, ಅದರ ಅಂಚಿನಲ್ಲಿ ಸುತ್ತಲೂ ಕಿತ್ತಳೆ ಬಣ್ಣದ ಗೆರೆ. ಮೆಣಸಿನ ಬಣ್ಣ ಕೊಬ್ಬಿನಲ್ಲಿ ಕರಗಿ ಹಾಗೆ ಕಟ್ಟಿರುತ್ತದೆ. ಸೌಟಿನ ತುದಿಯಿಂದ ಬಡಿದರೆ ಟಕ್ ಎಂದಿತು. ಪದರ ಮುರಿದು ಸೌಟು ಇಳಿಸಿದರೆ ಕೆಳಗೆ ರಸವೇ ಇಲ್ಲ, ಕಡು ಕೆಂಪು ಗಟ್ಟಿ, ಸೌಟು ಅಲ್ಲಾಡಿಸಿದರೆ ಇಡೀ ಪಾತ್ರೆ ಅದುರುತ್ತಿತ್ತು. ಚರ್ಮದ ಕೊಲಾಜೆನ್ ಕರಗಿ ರಾತ್ರಿಯೆಲ್ಲ ಹೆಪ್ಪುಗಟ್ಟಿದ್ದು. ಸಣ್ಣ ಉರಿಯಲ್ಲಿ ಇಟ್ಟಾಗ ಮೊದಲು ಅಂಚು ಕರಗಿತು, ಆಮೇಲೆ ನಡು ಕುಸಿಯಿತು, ತುಂಡುಗಳು ಒಂದೊಂದೇ ಕಾಣಿಸಿಕೊಂಡವು. ಶೇಂದಿ ಹಾಕಿ ಹುಬ್ಬಿಸಿದ, ಇಡ್ಲಿಯಂಥ ಸಾನ್ನಾದ ಜೊತೆ ಬಡಿಸಿದರು. ಹಿಂದಿನ ರಾತ್ರಿಯ ವಿನೆಗರು ಎಲ್ಲಿ ಹೋಯಿತು? ಅಲ್ಲೇ ಇತ್ತು, ಮಾಂಸದ ಒಳಗೆ. ಅದನ್ನು ತಿನ್ನುತ್ತ ನಾನು ಮಾತಾಡಲಿಲ್ಲ. ಬಾಯಮ್ಮನೂ ಮಾತಾಡಲಿಲ್ಲ, ಇನ್ನೊಂದು ಸಾನ್ನಾ ಹಾಕಿದರು.

ಫ್ರಿಜ್ ಇಲ್ಲದ ಕಾಲದಲ್ಲಿ ಹೇಗೆ ಮಾಡುತ್ತಿದ್ದಿರಿ ಎಂದು ಆಮೇಲೊಮ್ಮೆ ಕೇಳಿದೆ. ರಾತ್ರಿ ಮಲಗುವ ಮುಂಚೆ ಒಮ್ಮೆ ಚೆನ್ನಾಗಿ ಕುದಿಸುವುದು, ಆಮೇಲೆ ಸೌಟು ತಾಗಿಸುವ ಹಾಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಪುನಃ ಕುದಿಸುವುದು. ಉಪ್ಪು, ವಿನೆಗರು ಎರಡೂ ಕೈತುಂಬ. ಈಗ ಯಾರೂ ಹಾಗೆ ಮಾಡಬೇಡಿ ಎಂದು ನಾನು ಹೇಳುತ್ತೇನೆ, ಫ್ರಿಜ್ ಇರುವಾಗ ಆ ಸಾಹಸ ಬೇಡ.

ಈ ಮಾತನ್ನು ಸ್ವಲ್ಪ ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ನೆಂಟರೊಬ್ಬರ ಮನೆಯಲ್ಲಿ ಒಂದು ಔತಣ. ಅಡುಗೆಯವರು ಹಿಂದಿನ ರಾತ್ರಿಯೇ ದೊಡ್ಡ ಹಂಡೆಯಲ್ಲಿ ಕೋಳಿ ಪದಾರ್ಥ ಮಾಡಿ, ಬಿಗಿಯಾಗಿ ಮುಚ್ಚಿ, ಅಂಗಳದ ಚಪ್ಪರದಡಿ ಇಟ್ಟು ಹೋಗಿದ್ದರು. ಮೇ ತಿಂಗಳು. ಮಧ್ಯಾಹ್ನ ಸುಮ್ಮನೆ ಬೆಚ್ಚಗೆ ಮಾಡಿ ಬಡಿಸಿದರು. ವಾಸನೆ ಕೆಟ್ಟಿರಲಿಲ್ಲ, ರುಚಿಯೂ ಚೆನ್ನಾಗಿಯೇ ಇತ್ತು. ರಾತ್ರಿಯಾಗುವಾಗ ಹಲವರಿಗೆ ಹೊಟ್ಟೆ ಹಿಂಡುವ ನೋವು, ಭೇದಿ. ನನ್ನ ಅತ್ತೆಗೆ ಎರಡು ದಿನ ಗ್ಲೂಕೋಸ್ ಏರಿಸಬೇಕಾಯಿತು. ಎಂಬತ್ತರ ಹತ್ತಿರದ ಹೆಂಗಸು, ಕೈ ತಣ್ಣಗಾಗಿತ್ತು. ಆ ಎರಡು ರಾತ್ರಿ ಆಸ್ಪತ್ರೆಯ ಬೆಂಚಿನಲ್ಲಿ ಕೂತು ನಾನು ಆ ಹಂಡೆಯ ಬಗ್ಗೆಯೇ ಯೋಚಿಸುತ್ತಿದ್ದೆ.

ಮಾಂಸದ ದೊಡ್ಡ ಪಾತ್ರೆಗಳಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಇದೆ, ಕ್ಲೊಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಅದರ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಪಾತ್ರೆ ನಿಧಾನಕ್ಕೆ ಆರುತ್ತಾ 40–50 ಡಿಗ್ರಿಗೆ ಬಂದಾಗ ಅವು ಮೊಳೆತು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲವು. ಹಂಡೆ ದೊಡ್ಡದಾದಷ್ಟೂ, ಮುಚ್ಚಳ ಬಿಗಿಯಾದಷ್ಟೂ ಅದು ಆರುವುದು ನಿಧಾನ. ಚಿಕ್ಕ ಮಣ್ಣಿನ ಪಾತ್ರೆಗೆ ಗುಣವಾದದ್ದೇ ದೊಡ್ಡ ಹಂಡೆಗೆ ದೋಷ. 60 ಡಿಗ್ರಿಯಿಂದ ಕೆಳಗೆ, 5 ಡಿಗ್ರಿಯಿಂದ ಮೇಲೆ, ಈ ನಡುವಿನಲ್ಲಿ ಬೆಂದ ಮಾಂಸ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಹೊರಗಿನ ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ನಮ್ಮ ಮಾರ್ಚಿನಿಂದ ಮೇವರೆಗಿನ ಮಧ್ಯಾಹ್ನಗಳು ಹೆಚ್ಚಾಗಿ ಈ ಎರಡನೆಯ ಲೆಕ್ಕಕ್ಕೇ ಬರುತ್ತವೆ. ಹಾಗಾಗಿ ಮಾರನೆಯ ದಿನಕ್ಕೆ ಇಡುವುದಿದ್ದರೆ ನಾನು ಅಗಲ ಬಾಯಿಯ ಎರಡು ಮೂರು ಚಿಕ್ಕ ಪಾತ್ರೆಗಳಿಗೆ ಹಂಚಿ, ಕೆಳಗೆ ನೀರಿನ ತಟ್ಟೆ ಇಟ್ಟು, ಹಬೆ ಹೋದ ಕೂಡಲೇ ಫ್ರಿಜ್ಜಿಗೆ ಹಾಕುತ್ತೇನೆ. ತಿನ್ನುವಾಗ ಬೆಚ್ಚಗೆ ಮಾಡಿದರೆ ಸಾಲದು, ಕುದಿಯಬೇಕು. ತೆಂಗಿನ ಹಾಲು ಹಾಕಿದ ಗಸಿಯನ್ನಂತೂ ನಾಳೆಗೆ ಇಡುವುದೇ ಇಲ್ಲ. ಅದು ಬೇಗ ಹಳಸುತ್ತದೆ.

ಕಾಯುವುದು ಎಂದರೆ ಮರೆತುಬಿಡುವುದು ಎಂದು ತಿಳಿದವರು ಆ ಹಂಡೆಯನ್ನು ಅಂಗಳದಲ್ಲಿ ಬಿಟ್ಟು ಹೋಗುತ್ತಾರೆ. ಅಜ್ಜಿ ಪಾತ್ರೆಯನ್ನು ಸಿಂಬೆಯ ಮೇಲಿಟ್ಟು ಬೇರೆ ಕೆಲಸಕ್ಕೆ ಹೋದದ್ದು ನನಗೆ ನೆನಪಿಲ್ಲ. ಅಲ್ಲೇ ಮಣೆಯಲ್ಲಿ ಕೂತು ಕಿವಿಗೊಟ್ಟಿರುತ್ತಿದ್ದರು.

ನಮ್ಮ ಮನೆಯಲ್ಲಿ ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಬಡಿಸುವ ಕ್ರಮ ಉಂಟು. ಬಾಳೆಲೆ ಹಾಕಿ ಅನ್ನ, ಕೋಳಿ ಗಸಿ, ಸುಕ್ಕ, ಅವರಿಗೆ ಇಷ್ಟವಿದ್ದದ್ದನ್ನೆಲ್ಲ ಬಡಿಸಿ, ದೀಪವಿಟ್ಟು, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಬರುವುದು. ಒಳಗೆ ಹಿರಿಯರು ಊಟ ಮಾಡುವ ಹೊತ್ತು ಅದು. ಚಿಕ್ಕವನಿದ್ದಾಗ ಆ ಹೊತ್ತು ಉದ್ದವೋ ಉದ್ದ ಅನ್ನಿಸುತ್ತಿತ್ತು. ಮಳೆ ಸುರಿಯುತ್ತಿರುತ್ತದೆ, ಹಸಿವಾಗಿರುತ್ತದೆ, ಬಾಗಿಲ ಸಂದಿಯಿಂದ ಗಸಿಯ ವಾಸನೆ ಬರುತ್ತಿರುತ್ತದೆ. ಆ ಊಟದಷ್ಟು ರುಚಿಯಾದ ಕೋಳಿಯನ್ನು ವರ್ಷದಲ್ಲಿ ಇನ್ನೊಮ್ಮೆ ತಿಂದ ನೆನಪಿಲ್ಲ. ಆ ರುಚಿಗೆ ಆರಿದ ಗಸಿ ಎಷ್ಟು ಕಾರಣ, ಮುಚ್ಚಿದ ಬಾಗಿಲು ಎಷ್ಟು ಕಾರಣ ಎಂದು ನಾನು ಬಿಡಿಸಿ ನೋಡಲು ಹೋಗುವುದಿಲ್ಲ.

ಕಳೆದ ಆಟಿಯಲ್ಲಿ ಗಸಿ ಮಾಡಿದ್ದು ನಾನು. ಅಜ್ಜಿಯ ಪಾತ್ರೆ ಒಡೆದು ಎಷ್ಟೋ ವರ್ಷವಾಯಿತು. ಹೊಸ ಮಣ್ಣಿನ ಪಾತ್ರೆ ತಂದು ವಾರಗಟ್ಟಲೆ ಗಂಜಿ ತಿಳಿ ಹಾಕಿ ಪಳಗಿಸಿದ್ದೆ. ಊರ ಕೋಳಿ, ಎರಡು ಗಂಟೆ ಸಣ್ಣ ಉರಿ. ಇಳಿಸಿದ ಕೂಡಲೇ ಅಮ್ಮನ ಎಲೆಗೂ ಅಜ್ಜಿಯ ಎಲೆಗೂ ಬಡಿಸಿದೆ. ಅಜ್ಜಿಗೆ ಕುತ್ತಿಗೆಯ ತುಂಡು ಇಷ್ಟ, ಹುಡುಕಿ ಹಾಕಿದೆ. ಪಾತ್ರೆಯನ್ನು ಸಿಂಬೆಯ ಮೇಲೆ ಇಟ್ಟು ಎಲ್ಲರ ಹಿಂದೆ ನಾನೂ ಹೊರಗೆ ಬಂದೆ. ಮಾವ ಬಾಗಿಲು ಎಳೆದರು.

ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಮಳೆ ಸ್ವಲ್ಪ ಬಿಟ್ಟಿತ್ತು, ಹಂಚಿನಿಂದ ನೀರು ಬೀಳುತ್ತಿತ್ತು. ಅದರ ನಡುವೆ ಬಾಗಿಲ ಆಚೆಯಿಂದ ಕೇಳಿಸಿತು: ಪುಳಕ್, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಪುಳಕ್. ಮಗಳು ನನ್ನ ಮುಖ ನೋಡಿದಳು. "ಒಳಗೆ ಯಾರೋ ಇದ್ದಾರಾ ಅಪ್ಪ?" ಎಂದು ಪಿಸುಗುಟ್ಟಿದಳು. ನಾನು ಅವಳ ಕೈ ಹಿಡಿದುಕೊಂಡೆ. ಗುಳ್ಳೆಗಳ ನಡುವಿನ ಹೊತ್ತು ಉದ್ದವಾಗುತ್ತ ಹೋಯಿತು. ಮತ್ತೊಂದು ಬಂತು. ಆಮೇಲೆ ತುಂಬ ಹೊತ್ತು ಏನೂ ಇಲ್ಲ, ಹಂಚಿನ ನೀರು ಮಾತ್ರ. ಮಾವ ಗಂಟಲು ಸರಿ ಮಾಡಿಕೊಂಡು ಬಾಗಿಲು ದೂಡಿದರು.